ಗೆಳೆಯನಿಗೊಂದು ಪತ್ರ: ಮೊಸಳೆಯ ತಲೆ ಹಾರಿಸಿದ ಶ್ರೀಮತಿ ಕ್ರಾಕೆಟ್

ಪ್ರಿಯ ಮಿತ್ರ,

ನಿನ್ನ ಪತ್ರ ತಲುಪಿತು. ನಿಮ್ಮೂರಿನ ಗ್ರಂಥಾಲಯದಲ್ಲಿ ಭಾನುವಾರದ ಹೊತ್ತು ಮಕ್ಕಳಿಗೆ ಕಥೆ ಹೇಳುವ ಕೆಲಸವನ್ನು ನೀನು ಒಪ್ಪಿಕೊಂಡದ್ದು ಕೇಳಿ ಸಂತೋಷವಾಯಿತು. ಅಮೆರಿಕದ ಗಡಿನಾಡಿನ, ಅಂದರೆ ವಲಸಿಗರು ಪಶ್ಚಿಮದ ಕಾಡುಗಳತ್ತ ಹೊಸದಾಗಿ ನೆಲೆಸುತ್ತಿದ್ದ ಸೀಮೆಯ, ಬಡಾಯಿ ಕಥೆಗಳಲ್ಲಿ ಎಲ್ಲಿ ನೋಡಿದರೂ ಗಂಡಸರದೇ ಕಾರುಬಾರಾಗಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಲ್ಲುವ ಹೆಂಗಸೊಬ್ಬಳ ಕಥೆ ಇದ್ದರೆ ಬರೆದು ಕಳಿಸು ಎಂದು ಕೇಳಿದ್ದೀಯೆ. ಅಂಥವಳೊಬ್ಬಳು ಖಂಡಿತ ಇದ್ದಾಳೆ. ಆಕೆಯ ಹೆಸರು ಸ್ಯಾಲಿ ಆನ್ ಥಂಡರ್ ಆನ್ ವರ್ಲ್‌ವಿಂಡ್ ಕ್ರಾಕೆಟ್. ಗುಡುಗು, ಸುಂಟರಗಾಳಿ ಎರಡನ್ನೂ ಹೆಸರಿನೊಳಗೇ ಕಟ್ಟಿಕೊಂಡಿರುವ ಈ ಮಹಾತಾಯಿಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದನ್ನು ಮೊದಲು ಅಭ್ಯಾಸ ಮಾಡಿಕೊ. ಕಥೆ ಹೇಳುವವನು ನಾಯಕಿಯ ಹೆಸರಿನಲ್ಲೇ ಎಡವಿದರೆ ಮಕ್ಕಳು ಮುಂದಿನ ಯಾವ ಮಾತನ್ನೂ ನಂಬುವುದಿಲ್ಲ.

ಈಕೆ ಹುಟ್ಟಿದ್ದು ಟೆನ್ನೆಸ್ಸಿಯ ಕಾಡಿನಲ್ಲಲ್ಲ, ಅಚ್ಚುಕೂಟದಲ್ಲಿ. 1835ನೆಯ ಇಸವಿಗೆಂದು ನ್ಯಾಶ್‌ವಿಲ್ ನಗರದ ಹೆಸರು ಹೊತ್ತು ಕ್ರಾಕೆಟ್ ಆಲ್ಮನ್ಯಾಕ್ ಎಂಬ ಅಗ್ಗದ ವಾರ್ಷಿಕ ಪುಸ್ತಿಕೆಯೊಂದು ಹೊರಬಂತು. ಅನಂತರ ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಸ್ಟನ್‌ಗಳ ಪ್ರಕಾಶಕರೂ ಅದೇ ಹೆಸರನ್ನು ಹಿಡಿದುಕೊಂಡು 1856ರವರೆಗೆ ಇಂಥ ಪುಸ್ತಿಕೆಗಳನ್ನು ಹೊರತರುತ್ತಲೇ ಇದ್ದರು. ಸೂರ್ಯೋದಯ, ಸೂರ್ಯಾಸ್ತ, ಚಂದ್ರನ ವೃದ್ಧಿಕ್ಷಯ, ಹವೆಯ ಮುನ್ಸೂಚನೆ ಮುಂತಾದವು ಅದರಲ್ಲಿ ಇರುತ್ತಿದ್ದವು. ಉಳಿದ ಪುಟಗಳಲ್ಲಿ ಒರಟೊರಟು ಮರದಚ್ಚಿನ ಚಿತ್ರಗಳೂ ಅವುಗಳಿಗಿಂತ ಒರಟಾದ ಕಥೆಗಳೂ ತುಂಬಿರುತ್ತಿದ್ದವು. ನಮ್ಮ ಒಂಟಿಕೊಪ್ಪಲ್ ಪಂಚಾಂಗದಲ್ಲಿ ರಾಹುಕಾಲ, ಗುಳಿಕಕಾಲಗಳ ಮಗ್ಗುಲಲ್ಲೇ ಕರಡಿಯೊಡನೆ ಕುಸ್ತಿ ಹಿಡಿದವಳ ವೃತ್ತಾಂತ ಸಚಿತ್ರವಾಗಿ ಅಚ್ಚಾಗಿದೆಯೆಂದು ಊಹಿಸಿಕೊ. ಆಗ ಅದರ ಸೊಗಸು ನಿನಗೆ ಥಟ್ಟನೆ ಹೊಳೆಯುತ್ತದೆ. ತಿಥಿಯನ್ನು ನಂಬುವವನು ಪಕ್ಕದ ಕಾಲಮ್ಮಿನ ಕರಡಿಯನ್ನೂ ಅರ್ಧಮರ್ಧ ನಂಬಿಯೇ ಓದುತ್ತಾನೆ.

ಈ ಕಥೆಗಳನ್ನು ಬಹುಮಟ್ಟಿಗೆ ಹೇಳುವವನು, ಅವುಗಳಲ್ಲಿ ಸ್ಯಾಲಿ ಆನ್‌ಳ ಗಂಡನಾದ ಡೇವಿ ಕ್ರಾಕೆಟ್. ಈತ ಕಲ್ಪನೆಯ ಮನುಷ್ಯನಲ್ಲ. 1786ರಲ್ಲಿ ಹುಟ್ಟಿ, ಟೆನ್ನೆಸ್ಸಿಯ ಕಾಡುಗಳಲ್ಲಿ ಬೇಟೆಯಾಡಿ, ಮೂರು ಅವಧಿಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಕುಳಿತು, 1836ರ ಮಾರ್ಚ್ 6ರಂದು ಟೆಕ್ಸಾಸ್‌ನ ಆಲಮೋ ಕೋಟೆಯಲ್ಲಿ ಮೆಕ್ಸಿಕೊ ಸೇನೆಯೊಡನೆ ನಡೆದ ಕಾಳಗದಲ್ಲಿ ಸತ್ತವನು. ಬದುಕಿರುವಾಗಲೇ ಅವನ ಸುತ್ತ ಕಟ್ಟುಕಥೆಗಳು ಎಷ್ಟು ಬೆಳೆದಿದ್ದವೆಂದರೆ, ವಾಷಿಂಗ್ಟನ್‌ನಲ್ಲಿ ತನ್ನನ್ನೇ ಹೋಲುವ ಪಾತ್ರವೊಂದಿದ್ದ ನಾಟಕಕ್ಕೆ ಅವನು ಹೋಗಿ ಕುಳಿತಾಗ ವೇದಿಕೆಯ ಮೇಲಿನ ನಟ ಅವನಿಗೆ ತಲೆಬಾಗಿ ವಂದಿಸಿದನಂತೆ, ಇವನೂ ಎದ್ದು ಪ್ರತಿವಂದನೆ ಮಾಡಿದನಂತೆ. ಸತ್ತ ಮೇಲೆ ಅವನ ನಾಲಿಗೆ ಇನ್ನಷ್ಟು ಸಡಿಲವಾಯಿತು. ಆಲಮೋದಲ್ಲಿ ಬಿದ್ದು ಇಪ್ಪತ್ತು ವರ್ಷಗಳ ತನಕ ಆಲ್ಮನ್ಯಾಕ್‌ಗಳಲ್ಲಿ ಅವನು ನಾನು, ನನ್ನ ಹೆಂಡತಿ, ನನ್ನ ಮಗ ಎಂದು ಉತ್ತಮ ಪುರುಷದಲ್ಲಿ ಮಾತಾಡುತ್ತಲೇ ಹೋದ. ಬರೆಯುತ್ತಿದ್ದವರು ಪೂರ್ವದ ನಗರಗಳ ಅನಾಮಧೇಯ ಬಾಡಿಗೆ ಲೇಖಕರು. ಅವರಲ್ಲಿ ಎಷ್ಟು ಮಂದಿ ಜೀವಂತ ಕರಡಿಯೊಂದನ್ನು ಕಂಡಿದ್ದರೋ ಆ ದೇವರೇ ಬಲ್ಲ.

ಈ ಲೇಖಕರು ಗಡಿನಾಡಿನ ಹೆಂಗಸರನ್ನು ಚಿತ್ರಿಸುವ ರೀತಿಯನ್ನು ನೀನು ಒಮ್ಮೆ ಕೇಳಬೇಕು. ಸ್ಯಾಲ್ ಫಂಗಸ್ ಎಂಬವಳು ನಕ್ಕರೆ ಪೈನ್ ಮರದ ತೊಗಟೆ ಕಳಚಿ ಬೀಳುತ್ತಿತ್ತು. ಆಕೆ ಜಲಪಾತದಲ್ಲಿ ಕೆಳಗಿನಿಂದ ಮೇಲಕ್ಕೆ ಈಜುತ್ತಿದ್ದಳು, ಕುಣಿದು ಬಂಡೆಯನ್ನು ಪುಡಿಮಾಡುತ್ತಿದ್ದಳು, ಬಾಯಿಂದ ಊದಿ ಬೆಳದಿಂಗಳನ್ನು ಆರಿಸುತ್ತಿದ್ದಳು, ಹಾಡಿ ತೋಳವನ್ನು ಮಲಗಿಸುತ್ತಿದ್ದಳು. ಇನ್ನೊಬ್ಬಳ ತಲೆಯ ಟೋಪಿ ಕಣಜದ ಗೂಡು. ಅದಕ್ಕೆ ತೋಳದ ಬಾಲ, ಹದ್ದಿನ ಗರಿಗಳ ಅಲಂಕಾರ. ಮೈಮೇಲಿನ ಉಡುಪು ಇಡೀ ಕರಡಿಯ ಚರ್ಮ, ಹಿಂದೆ ನೆಲದ ಮೇಲೆ ಎಳೆಯುತ್ತಿದ್ದ ಅಂಚು ಆ ಕರಡಿಯ ಬಾಲವೇ. ಇವಳು ಮಿಸಿಸಿಪ್ಪಿ ನದಿಯನ್ನು ಒಳಲಂಗ ಒದ್ದೆಯಾಗದಂತೆ ದಾಟುವವಳು, ತನ್ನ ನೆರಳನ್ನೇ ಹಾರಿ ಆಚೆ ನಿಲ್ಲುವವಳು. ಈಚಿನ ಮಕ್ಕಳ ಕಥೆಗಾರರು ಇವರೆಲ್ಲರ ಗುಣಗಳನ್ನು ಬಿಡಿಸಿ ತಂದು ಸ್ಯಾಲಿ ಆನ್ ಒಬ್ಬಳ ಮೇಲೇ ಹೊರಿಸಿದ್ದಾರೆ. ಆದ್ದರಿಂದ ನೀನು ಬೇರೆಲ್ಲಾದರೂ ಈಕೆಯ ಕಥೆ ಓದಿ ಕಣಜದ ಗೂಡಿನ ಟೋಪಿ ಕಂಡರೆ ಗೊಂದಲಪಡಬೇಡ. ಅದು ಕಡ ತಂದ ಟೋಪಿ. ಎಂಥ ಟೋಪಿ ಕೊಟ್ಟರೂ ಆಕೆಯ ತಲೆಗೆ ಚೆನ್ನಾಗಿಯೇ ಕೂರುತ್ತದೆ ಎನ್ನುವುದು ಬೇರೆ ಮಾತು.

ಈಗ ಅಸಲು ಕಥೆಗೆ ಬರುತ್ತೇನೆ. ಇದನ್ನು ಕ್ರಾಕೆಟ್ ತನ್ನ ಬಾಯಲ್ಲೇ ಹೇಳುತ್ತಾನೆ. ನಾನು ನನ್ನ ಮಾತಿನಲ್ಲಿ ಕೊಡುತ್ತಿದ್ದೇನೆ.

ಕಥೆಯಲ್ಲಿ ಇನ್ನೊಬ್ಬ ಗಂಡಸಿದ್ದಾನೆ, ಮೈಕ್ ಫಿಂಕ್. ಇವನೂ ಇತಿಹಾಸದಲ್ಲಿ ಇದ್ದವನೇ. ಓಹಾಯೊ, ಮಿಸಿಸಿಪ್ಪಿ ನದಿಗಳಲ್ಲಿ ಹಬೆದೋಣಿಗಳು ಬರುವ ಮುಂಚೆ ಸರಕು ತುಂಬಿದ ಕೀಲ್‌ಬೋಟ್‌ಗಳನ್ನು ಪ್ರವಾಹಕ್ಕೆ ಎದುರಾಗಿ ಉದ್ದನೆಯ ಗಳಗಳಿಂದ ತಳ್ಳಿಕೊಂಡು ಹೋಗುವ ಅಂಬಿಗರಿದ್ದರು. ಫಿಂಕ್ ಅವರೆಲ್ಲರ ಪೈಕಿ ಹೆಸರುವಾಸಿಯಾದವನು. ಜೊತೆಗಾರನ ತಲೆಯ ಮೇಲೆ ವಿಸ್ಕಿಯ ಬಟ್ಟಲಿಟ್ಟು ಬಂದೂಕಿನಿಂದ ಹಾರಿಸುವುದು ಅವನ ಆಟವಾಗಿತ್ತು. 1823ರ ಸುಮಾರಿಗೆ ಮಿಸೌರಿ ನದಿಯ ಮೇಲ್ಭಾಗದಲ್ಲಿ ಅವನು ಸಾಯುವುದಕ್ಕೂ ಇಂಥದೇ ಆಟ ಕಾರಣವಾಯಿತೆಂದು ಹೇಳುತ್ತಾರೆ. ಈ ಅಂಬಿಗರು ತಮ್ಮನ್ನು ತಾವು ಅರ್ಧ ಕುದುರೆ, ಅರ್ಧ ಮೊಸಳೆ ಎಂದು ಎದೆ ತಟ್ಟಿ ಸಾರಿಕೊಳ್ಳುತ್ತಿದ್ದರು. ಈ ಮಾತನ್ನು ನೆನಪಿನಲ್ಲಿಟ್ಟುಕೊ, ಮುಂದೆ ಬೇಕಾಗುತ್ತದೆ.

ಫಿಂಕ್ ಶೂರನೇ, ಆದರೆ ಕಾಡುಬೆಕ್ಕು, ಕರಡಿ, ಮೊಸಳೆಗಳ ಲೆಕ್ಕಕ್ಕೆ ಬಂದರೆ ನನ್ನ ಚಿಕ್ಕ ಮಗ ಹಾರ್ಡ್‌ಸ್ಟೋನ್‌ನ ಮುಂದೆ ಮೇಣದಬತ್ತಿ ಹಿಡಿದು ನಿಲ್ಲುವುದಕ್ಕೂ ಅವನಿಗೆ ಯೋಗ್ಯತೆಯಿಲ್ಲ ಎಂದು ಕ್ರಾಕೆಟ್ ಮೊದಲೇ ಸ್ಪಷ್ಟಪಡಿಸುತ್ತಾನೆ. ಈ ಫಿಂಕ್‌ನಿಗೆ ಶ್ರೀಮತಿ ಕ್ರಾಕೆಟ್‌ಳನ್ನು ಒಮ್ಮೆಯಾದರೂ ಹೆದರಿಸಬೇಕೆಂಬ ಹಟ. ನಾನಾ ಬಗೆಯಲ್ಲಿ ಪ್ರಯತ್ನಿಸಿದ. ಕಣದ ಹಲಗೆಯ ಮೇಲೆ ಹಕ್ಕಿಯ ಗರಿ ಬಿದ್ದರೆ ಕಣಕ್ಕೆ ಎಷ್ಟು ನೋವಾದೀತೋ ಅಷ್ಟೇ ಪರಿಣಾಮ ಆಕೆಯ ಮೇಲೆ ಆಯಿತು. ಕೊನೆಗೆ ಅವನು ಕ್ರಾಕೆಟ್‌ನ ಬಳಿಗೆ ಬಂದು ಪಂದ್ಯ ಕಟ್ಟಿದ: ನಿನ್ನ ಹೆಂಡತಿಯ ಹಲ್ಲು ಸಡಿಲವಾಗಿ ಕಾಲ್ಬೆರಳಿನ ಉಗುರುಗಳ ಕೀಲು ತಪ್ಪುವ ಹಾಗೆ ಹೆದರಿಸುತ್ತೇನೆ, ಸೋತರೆ ಹನ್ನೆರಡು ಕಾಡುಬೆಕ್ಕು. ಕ್ರಾಕೆಟ್ ಒಪ್ಪಿದ. ಹೆಂಡತಿಯ ಮೇಲೆ ಪಂದ್ಯ ಕಟ್ಟುವ ಗಂಡನ ಬಗ್ಗೆ ನಿನ್ನ ಅಭಿಪ್ರಾಯ ಏನಿದ್ದರೂ, ಈ ಗಂಡನಿಗೆ ತನ್ನ ಹೆಂಡತಿಯ ಮೇಲಿದ್ದ ಭರವಸೆಯನ್ನು ಮೆಚ್ಚಬೇಕು; ಅವನು ಆಕೆಗೆ ಮುಂಚಿತವಾಗಿ ಒಂದು ಸುಳಿವನ್ನೂ ಕೊಡಲಿಲ್ಲ, ಕೊಡುವ ಅಗತ್ಯವೂ ಅವನಿಗೆ ಕಾಣಲಿಲ್ಲ.

ದೊಡ್ಡದೊಂದು ನೆರೆ ಬಂದು ಇಳಿದ ಮೇಲೆ ಒಂದು ರಾತ್ರಿ ಫಿಂಕ್ ಹಳೆಯ ಮೊಸಳೆಯೊಂದರ ಚರ್ಮದೊಳಗೆ ತೂರಿಕೊಂಡು, ಶ್ರೀಮತಿ ಕ್ರಾಕೆಟ್ ಗಾಳಿ ಸೇವನೆಗೆ ಹೊರಟ ದಾರಿಗೆ ಅಡ್ಡಲಾಗಿ ಬಂದ. ಮೊಸಳೆಯ ಬಾಯನ್ನು ಅಗಲವಾಗಿ ತೆರೆದು ಎಂಥ ಅರಚು ಅರಚಿದನೆಂದರೆ, ಅದನ್ನು ಕೇಳಿ ಹೆದರಿ ಅವನೇ ಚರ್ಮ ಬಿಟ್ಟು ಹೊರಗೆ ಹಾರುವುದರಲ್ಲಿದ್ದ. ಆಕೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಫಿಂಕ್ ಹನ್ನೆರಡು ಕಾಡುಬೆಕ್ಕುಗಳ ನಷ್ಟದಲ್ಲಿ ಪಾರಾಗುತ್ತಿದ್ದ. ಆದರೆ ಅವನು ಇನ್ನಷ್ಟು ಹತ್ತಿರಕ್ಕೆ ಸರಿದು, ಆಲಿಂಗನಕ್ಕೆ ಬಂದವನ ಹಾಗೆ ಮುಂಗಾಲು ಚಾಚಿದ. ಆಗ ಆಕೆಯ ಕೋಪ ಮಿಸಿಸಿಪ್ಪಿಯ ಪ್ರವಾಹದ ಮಟ್ಟಕ್ಕಿಂತ ತುಸು ಮೇಲಕ್ಕೇರಿತು. ಕಣ್ಣಿನಿಂದ ಒಂದು ಮಿಂಚನ್ನು ಅವನ ಮೇಲೆ ಎಸೆದಳು. ಸುತ್ತಮುತ್ತ ಅರ್ಧ ಗಂಟೆಯ ಕಾಲ ಹಾಡುಹಗಲಾಯಿತು. ಪಂದ್ಯವನ್ನೂ ತನ್ನ ಕೀರ್ತಿಯನ್ನೂ ನೆನೆದ ಫಿಂಕ್ ಹಿಂಜರಿಯದೆ ಬಾಲ ಆಡಿಸುತ್ತ ಮುಂದುವರಿದ.

ಶ್ರೀಮತಿ ಕ್ರಾಕೆಟ್ ತನ್ನ ಚಿಕ್ಕ ಹಲ್ಲುಕಡ್ಡಿಯನ್ನು ಹೊರತೆಗೆದಳು. ಆ ಕಡೆಯ ಜನ ಉದ್ದನೆಯ ಭಾರಿ ಕಠಾರಿಗೆ ವಿನೋದದಿಂದ ಇಟ್ಟಿದ್ದ ಹೆಸರು ಅದು. ಆದರೆ ನೀನು ಮಕ್ಕಳಿಗೆ ಈ ವಿವರ ಕೊಡಬೇಡ, ಹಲ್ಲುಕಡ್ಡಿ ಎಂದಷ್ಟೇ ಹೇಳಿ ಮುಂದೆ ಹೋಗು. ಒಂದೇ ಬೀಸಿಗೆ ಮೊಸಳೆಯ ತಲೆಯೂ ಕತ್ತೂ ಐವತ್ತು ಅಡಿ ದೂರ ಹಾರಿ ಬಿದ್ದವು. ಅಲಗು ಒಳಗಿದ್ದ ಫಿಂಕ್‌ನ ನಡುನೆತ್ತಿಯನ್ನು ನೀಟಾಗಿ ಬೋಳಿಸಿಕೊಂಡು ಹೋಯಿತು. ಬೋಳಾದ ಆ ನೆತ್ತಿಯನ್ನು ನೋಡಿದ ಮೇಲೆ ಆಕೆಗೆ ಇದು ಮೊಸಳೆಯಲ್ಲ, ಮನುಷ್ಯ ಎಂದು ತಿಳಿಯಿತು. ಆಗ ಆಕೆ ಮಾಡಿದ್ದನ್ನು ಗಮನಿಸು: ಕಠಾರಿಯನ್ನು ಕೆಳಗೆ ಹಾಕಿದಳು, ಅಂಗಿಯ ತೋಳುಗಳನ್ನು ಮೇಲಕ್ಕೆ ಮಡಿಸಿಕೊಂಡಳು. ಮೊಸಳೆಗಾದರೆ ಆಯುಧ ಬೇಕು, ಮೈಕ್ ಫಿಂಕ್‌ಗೆ ಬರಿಗೈ ಸಾಕು. ಅವನು ಚರ್ಮದೊಳಗೇ ಮೂರ್ಛೆ ಹೋಗುವ ತನಕ ಗುದ್ದಿದಳು. ಎಚ್ಚರವಾದ ಮೇಲೆ ಫಿಂಕ್ ಊರೆಲ್ಲ ಆಣೆ ಹಾಕಿಕೊಂಡು ಹೇಳತೊಡಗಿದನಂತೆ, ನನ್ನನ್ನು ಮೊಸಳೆಯೊಂದು ಜಗಿದು ನುಂಗಿತ್ತು ಎಂದು.

ಕಥೆ ಇಷ್ಟೇ. ಆಲ್ಮನ್ಯಾಕ್‌ನಲ್ಲಿ ಅದು ಒಂದು ಪುಟವನ್ನೂ ಮೀರುವುದಿಲ್ಲ. ನನಗೆ ಇದರ ಕೊನೆಯ ಸಾಲು ಬಹಳ ಇಷ್ಟ. ಅರ್ಧ ಮೊಸಳೆ ಎಂದು ಜೀವಮಾನವೆಲ್ಲ ಕೊಚ್ಚಿಕೊಂಡವನು ಒಂದು ರಾತ್ರಿ ಇಡೀ ಮೊಸಳೆಯಾಗಲು ಹೊರಟ; ಕೊನೆಗೆ ತಾನು ಮೊಸಳೆಯ ಹೊಟ್ಟೆಯಲ್ಲಿದ್ದೆ ಎಂದು ಹೇಳಿಕೊಳ್ಳುವ ಗತಿ ಬಂತು. ಹೆಂಗಸೊಬ್ಬಳಿಂದ ಒದೆ ತಿಂದೆ ಎನ್ನುವುದಕ್ಕಿಂತ ಮೊಸಳೆ ನುಂಗಿತು ಎನ್ನುವುದೇ ಅವನಿಗೆ ಮರ್ಯಾದೆಯಾಗಿ ಕಂಡಿತು. ಅವನದು ಸುಳ್ಳೂ ಅಲ್ಲ, ಒಂದು ರೀತಿಯಲ್ಲಿ; ಅವನು ಮೊಸಳೆಯ ಒಳಗೆ ಇದ್ದದ್ದು ನಿಜ, ಜಜ್ಜಿ ಹೋದದ್ದೂ ನಿಜ. ಗಡಿನಾಡಿನ ಗಂಡಸರ ಬಡಾಯಿಯನ್ನು ಆ ಬಡಾಯಿಯ ಚರ್ಮದೊಳಗೇ ಕೂರಿಸಿ ಹೊಡೆದ ಇನ್ನೊಂದು ಕಥೆಯನ್ನು ನಾನು ಓದಿಲ್ಲ.

ಇದರ ಅಳತೆಗಳನ್ನೂ ನೋಡು. ಮಿಂಚಿನಿಂದ ಹಗಲಾದದ್ದು ಅರ್ಧ ಗಂಟೆ; ಯುಗಯುಗಾಂತರವಲ್ಲ. ತಲೆ ಹಾರಿದ್ದು ಐವತ್ತು ಅಡಿ, ಚಂದ್ರಲೋಕಕ್ಕಲ್ಲ. ಕೋಪ ಏರಿದ್ದು ಪ್ರವಾಹಕ್ಕಿಂತ ತುಸುವೇ ಹೆಚ್ಚು. ಸುಳ್ಳು ಹೇಳುವವನು ಲೆಕ್ಕ ತಪ್ಪಬಾರದು ಎಂಬ ಎಚ್ಚರ ಇಲ್ಲಿದೆ. ಕಂದಾಯ ಇಲಾಖೆಯ ಗುಮಾಸ್ತನ ಮುಖಭಾವದಲ್ಲಿ ಈ ಅಂಕಿಗಳನ್ನು ಓದಿದರೆ ಮಾತ್ರ ನಗೆ ಉಕ್ಕುತ್ತದೆ. ನೀನು ನಗುತ್ತ ಹೇಳಿದರೆ ಕೆಟ್ಟಿತು. ಸಭೆಯಲ್ಲಿ ನಗದೆ ಇರಬೇಕಾದವನು ನೀನೊಬ್ಬನೇ. ಐವತ್ತು ಅಡಿಯನ್ನು ಉತ್ಸಾಹದಲ್ಲಿ ಐನೂರು ಮಾಡುವ ಆಸೆ ನಿನಗೆ ಬರುತ್ತದೆಂದು ನನಗೆ ಗೊತ್ತು, ಮಾಡಬೇಡ.

ಆಕೆಯನ್ನು ಕೆರಳಿಸಿದ್ದು ಮೊಸಳೆಯ ಹಲ್ಲುಗಳಲ್ಲ, ಅರಚಾಟವೂ ಅಲ್ಲ ಎಂಬುದನ್ನು ನೀನು ಗಮನಿಸಿರಬೇಕು. ಮೊಸಳೆ ಮೊಸಳೆಯಾಗಿ ಇದ್ದಷ್ಟು ಹೊತ್ತು ಆಕೆಗೆ ಅದರ ಮೇಲೆ ದೂರಿಲ್ಲ. ಅದು ಸಲಿಗೆ ತೆಗೆದುಕೊಳ್ಳಲು ಕೈ ಚಾಚಿದಾಗ ಮಾತ್ರ ಕಠಾರಿ ಹೊರಗೆ ಬಂತು. ಈ ಸೂಕ್ಷ್ಮವನ್ನು ಬಾಡಿಗೆ ಲೇಖಕ ಉದ್ದೇಶಪಟ್ಟು ಇಟ್ಟನೋ, ಬರೆಯುವ ಭರದಲ್ಲಿ ತಾನಾಗಿ ಬಂತೋ, ಅಂತೂ ಅದು ಕಥೆಯ ಬೆನ್ನೆಲುಬು. ಹೇಳುವಾಗ ಅಲ್ಲಿ ಒಂದು ಕ್ಷಣ ನಿಲ್ಲು. ಸಾಲಿನಲ್ಲಿ ಹಿಂದೆ ಕುಳಿತ ಹುಡುಗಿಯರು ಮೊದಲು ನಗುತ್ತಾರೆ ಎಂದು ನನ್ನ ಊಹೆ.

ನಿನಗೆ ಕಾಲಾವಕಾಶ ಹೆಚ್ಚು ಸಿಕ್ಕಿದರೆ ಇನ್ನೊಂದು ಪ್ರಸಂಗವನ್ನೂ ಸೇರಿಸಿಕೊಳ್ಳಬಹುದು. ಕ್ರಾಕೆಟ್ ಒಂದು ದಿನ ಕಾಡಿನಲ್ಲಿ ಮರದ ಕವಲಿನ ನಡುವೆ ತಲೆ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದಾಗ ಆ ದಾರಿಯಲ್ಲಿ ಬಂದ ಹುಡುಗಿಯೊಬ್ಬಳು, ಹಗ್ಗವಿಲ್ಲದ್ದರಿಂದ, ಬಾಲದಲ್ಲಿ ಗಿಲಕಿ ಇರುವ ವಿಷದ ಹಾವುಗಳನ್ನೇ ಒಂದಕ್ಕೊಂದು ಗಂಟು ಹಾಕಿ ಕೊಂಬೆಗೆ ಬಿಗಿದು, ಜಗ್ಗಿ, ಅವನನ್ನು ಬಿಡಿಸುತ್ತಾಳೆ. ಈಚಿನ ಹೇಳಿಕೆಗಳಲ್ಲಿ ಆ ಹುಡುಗಿಯೇ ಸ್ಯಾಲಿ ಆನ್, ಮದುವೆಗೆ ಮುಂಚಿನ ಅವರ ಮೊದಲ ಭೇಟಿಯೇ ಅದು. ಕಾಂಗ್ರೆಸ್ ಸದಸ್ಯನಾಗಲಿರುವವನು ಕವಲಿನಲ್ಲಿ ಕತ್ತು ಸಿಕ್ಕಿಸಿಕೊಂಡು ನಿಂತಿರುವುದು ನನಗೇನೋ ಹಾವುಗಳಿಗಿಂತ ಹೆಚ್ಚು ನಗೆ ತರಿಸುತ್ತದೆ.

ಸ್ಲೂಫುಟ್ ಸೂ ಎಂಬ ಇನ್ನೊಬ್ಬ ನಾಯಕಿಯ ಹೆಸರು ನಿನ್ನ ಕಣ್ಣಿಗೆ ಬಿದ್ದಿರಬಹುದು. ಪೆಕೋಸ್ ಬಿಲ್ ಎಂಬ ದನಗಾಹಿಯ ವಧು ಈಕೆ. ರಿಯೋ ಗ್ರಾಂಡೆ ನದಿಯಲ್ಲಿ ತಿಮಿಂಗಿಲದಷ್ಟು ದೊಡ್ಡ ಮೀನಿನ ಮೇಲೆ ಸವಾರಿ ಮಾಡಿಕೊಂಡು ಬರುವವಳು. ಆ ಬರವು ನಿಜಕ್ಕೂ ಭವ್ಯವಾಗಿದೆ. ಆದರೆ ಮದುವೆಯ ದಿನ ಆಕೆ ಗಂಡನ ಕುದುರೆಯನ್ನು ಏರಬೇಕೆಂದು ಹಟ ಹಿಡಿಯುತ್ತಾಳೆ, ಕುದುರೆ ಎಸೆಯುತ್ತದೆ, ಲಂಗದೊಳಗಿನ ಉಕ್ಕಿನ ಸ್ಪ್ರಿಂಗುಗಳ ಮೇಲೆ ಬಿದ್ದ ವಧು ಪುಟಿದು ಪುಟಿದು ಚಂದ್ರನಿಗೆ ತಲೆ ತಗುಲುವಷ್ಟು ಮೇಲೆ ಹೋಗುತ್ತ ದಿನಗಟ್ಟಲೆ ನೆಲಕ್ಕೆ ನಿಲ್ಲುವುದೇ ಇಲ್ಲ. ಹಸಿವಿನಿಂದ ಸಾಯದಿರಲೆಂದು ಬಿಲ್ ಆಕೆಯನ್ನು ಗುಂಡಿಟ್ಟು ಕೊಲ್ಲಬೇಕಾಗುತ್ತದೆ. ಇದು 1923ರಲ್ಲಿ ಸೆಂಚುರಿ ಎಂಬ ಮಾಸಪತ್ರಿಕೆಯಲ್ಲಿ ಬಂದ ಬರಹ. ಇಂಥ ಹೊಸ ಸರಕನ್ನು ಹಳೆಯ ಜನಪದವೆಂದು ಮಾರುವುದಕ್ಕೆ ವಿದ್ವಾಂಸ ರಿಚರ್ಡ್ ಡಾರ್ಸನ್ 1950ರಲ್ಲಿ ‘ಫೇಕ್‌ಲೋರ್’ ಎಂದು ಹೆಸರಿಟ್ಟ. ನನ್ನ ತಕರಾರು ಅದರ ವಯಸ್ಸಿನ ಬಗ್ಗೆ ಅಲ್ಲ, ಆಲ್ಮನ್ಯಾಕ್‌ಗಳೂ ಬಾಡಿಗೆಗೆ ಬರೆದವೇ. ಸೂ ಕಥೆಯಲ್ಲಿ ನಗೆ ಆಕೆಯ ಮೇಲೆ ಬೀಳುತ್ತದೆ, ಹೆಣ್ಣು ಹಟ ಮಾಡಿದರೆ ಹೀಗೇ ಎನ್ನುವ ಧಾಟಿ ಒಳಗೆ ಇದೆ. ಸ್ಯಾಲಿ ಆನ್‌ಳನ್ನು ನೋಡಿ ಯಾರೂ ನಗುವಂತಿಲ್ಲ. ಆಕೆಯ ಎದುರಿಗೆ ಬಂದವರನ್ನು ನೋಡಿಯೇ ನಗಬೇಕು.

ಒಂದು ಕೊರತೆಯನ್ನು ಮಾತ್ರ ಮುಚ್ಚಿಡಲಾರೆ. ಮೊಸಳೆಯ ಕಥೆಯಲ್ಲಿ ಶ್ರೀಮತಿ ಕ್ರಾಕೆಟ್ ಒಂದೇ ಒಂದು ಮಾತನ್ನೂ ಆಡುವುದಿಲ್ಲ. ಆಡುವುದೆಲ್ಲ ಗಂಡ. ತನ್ನ ಬಡಾಯಿಯನ್ನು ತಾನೇ ಹೇಳಿಕೊಂಡ ಗಡಿನಾಡಿನ ಹೆಂಗಸು ಬೇಕಾದರೆ ನೀನು ಕೆಲಮಿಟಿ ಜೇನ್ ಕಡೆಗೆ ಹೋಗಬೇಕು. ಮಾರ್ಥಾ ಜೇನ್ ಕ್ಯಾನರಿ ಎಂಬ ನಿಜವಾದ ಹೆಸರಿನ ಈಕೆ 1896ರ ಸುಮಾರಿಗೆ ಹೊರತಂದ ಕಿರುಹೊತ್ತಿಗೆಯಲ್ಲಿ, ಡೆಡ್‌ವುಡ್ ಪಟ್ಟಣದಲ್ಲಿ 1876ರ ಆಗಸ್ಟ್ 2ರಂದು ವೈಲ್ಡ್ ಬಿಲ್ ಹಿಕಾಕ್ ಎಂಬ ಹೆಸರಾಂತ ಬಂದೂಕುಗಾರನನ್ನು ಗುಂಡಿಟ್ಟು ಕೊಂದವನನ್ನು ತಾನು ಹುಡುಕಿಕೊಂಡು ಹೋಗಿ ಕಟುಕನ ಮಚ್ಚು ತೋರಿಸಿ ಹಿಡಿದೆ, ಗಾಬರಿಯಲ್ಲಿ ಬಂದೂಕನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ ಎಂದು ಹೇಳಿಕೊಂಡಿದ್ದಾಳೆ. ಇತಿಹಾಸಕಾರರು ಇದನ್ನು ನಂಬುವುದಿಲ್ಲ. ಬಂದೂಕು ಮರೆತು ಬಂದೆ ಎಂಬ ಆ ಸಣ್ಣ ವಿವರವನ್ನು ಸೇರಿಸಿದ ಕೈಚಳಕಕ್ಕಾದರೂ ನಾನು ನಂಬಲು ತಯಾರಿದ್ದೇನೆ. 1903ರಲ್ಲಿ ಸತ್ತ ಆಕೆಯನ್ನು ಡೆಡ್‌ವುಡ್‌ನಲ್ಲಿ ಹಿಕಾಕ್‌ನ ಸಮಾಧಿಯ ಪಕ್ಕದಲ್ಲೇ ಹೂಳಿದರು. ಆದರೆ ಆಕೆಯ ಬದುಕು ಕುಡಿತ, ಬಡತನಗಳದು. ಅದು ಮಕ್ಕಳ ಭಾನುವಾರಕ್ಕೆ ಹೊಂದುವ ವಸ್ತುವಲ್ಲ.

ಆಲ್ಮನ್ಯಾಕ್‌ಗಳನ್ನು ನೀನೇ ಹುಡುಕಿ ಓದಲು ಹೊರಟರೆ ಎಚ್ಚರಿಕೆಯಿಂದ ಓದು. ಅದೇ ಪುಟಗಳಲ್ಲಿ ಅಮೆರಿಕದ ಮೂಲನಿವಾಸಿಗಳನ್ನೂ ಕಪ್ಪು ಜನರನ್ನೂ ಕುರಿತು ಓದಲಾಗದಷ್ಟು ಹೇಸಿಗೆಯ ಮಾತುಗಳಿವೆ. ಮೈಕ್ ಫಿಂಕ್‌ನ ಮಗಳು ಸ್ಯಾಲ್ ಫಿಂಕ್ ಎಂಬ ನಾಯಕಿ ತನ್ನನ್ನು ಕಟ್ಟಿಹಾಕಿದ ಮೂಲನಿವಾಸಿಗಳನ್ನು ಬೆಂಕಿಗೆ ನೂಕುವ ಕಥೆಯೊಂದಿದೆ. ಅದನ್ನು ಹಾಸ್ಯವೆಂದೇ ಅಚ್ಚು ಹಾಕಿದ್ದಾರೆ. ಫಿಂಕ್‌ನ ಪರಿಚಯ ಮಾಡುವ ಸಾಲಿನಲ್ಲಿ ಕೂಡ ಅಂಥ ಮಾತಿತ್ತು, ನಾನು ಅದನ್ನು ಬಿಟ್ಟೇ ಬರೆದಿದ್ದೇನೆ. ನನಗೆ ಹೆಚ್ಚು ಕಿರಿಕಿರಿಯಾಗುವುದು ಇದನ್ನೆಲ್ಲ ಕ್ರಾಕೆಟ್‌ನ ಬಾಯಲ್ಲಿ ಆಡಿಸಿದ್ದಾರೆ ಎಂಬುದಕ್ಕೆ. ಮೂಲನಿವಾಸಿಗಳನ್ನು ಅವರ ನೆಲದಿಂದ ಮಿಸಿಸಿಪ್ಪಿಯ ಆಚೆಗೆ ಎಬ್ಬಿಸುವ 1830ರ ಕಾಯಿದೆಗೆ ಟೆನ್ನೆಸ್ಸಿಯ ಪ್ರತಿನಿಧಿಗಳ ಪೈಕಿ ವಿರುದ್ಧವಾಗಿ ಮತ ಹಾಕಿದವನು ಇದೇ ಕ್ರಾಕೆಟ್ ಒಬ್ಬನೇ. ಮುಂದಿನ ವರ್ಷದ ಚುನಾವಣೆಯಲ್ಲಿ ಅವನು ಸೋತ. ಸತ್ತವನ ನಾಲಿಗೆಯನ್ನು ಬಾಡಿಗೆಗೆ ಪಡೆದವರು ಅವನ ಮತವನ್ನು ನೆನಪಿಟ್ಟುಕೊಳ್ಳಲಿಲ್ಲ.

ನಿಜವಾದ ಕ್ರಾಕೆಟ್‌ನಿಗೆ ಹೆಂಡತಿ ಇದ್ದಳೇ ಎಂದು ಯಾರಾದರೂ ಮಕ್ಕಳು ಕೇಳಿಯೇ ಕೇಳುತ್ತಾರೆ. ಇಬ್ಬರಿದ್ದರು. 1806ರಲ್ಲಿ ಮದುವೆಯಾದ ಮೊದಲ ಹೆಂಡತಿ ಪಾಲಿ 1815ರಲ್ಲಿ ತೀರಿಕೊಂಡಳು. ಆಮೇಲೆ ಮದುವೆಯಾದದ್ದು ಎಲಿಜಬೆತ್ ಪ್ಯಾಟನ್ ಎಂಬ ವಿಧವೆಯನ್ನು. ಆಕೆಯ ಗಂಡ ಕ್ರೀಕ್ ಎಂಬ ಮೂಲನಿವಾಸಿಗಳೊಡನೆ ನಡೆದ ಯುದ್ಧದಲ್ಲಿ ಸತ್ತಿದ್ದ, ಇಬ್ಬರು ಮಕ್ಕಳಿದ್ದರು, ಸ್ವಂತಕ್ಕೆ ಅಚ್ಚುಕಟ್ಟಾದ ಸಣ್ಣ ಜಮೀನಿತ್ತು. ಇವನ ಬಳಿ ಇದ್ದದ್ದು ಮೂರು ಮಕ್ಕಳು. ಮದುವೆಯ ಹೊತ್ತಿಗೆ ಹಂದಿಯೊಂದು ಗುರುಗುಟ್ಟುತ್ತ ಮನೆಯೊಳಗೆ ನುಗ್ಗಿತೆಂದೂ, ವರನು ಅದನ್ನು ಹೊರಗಟ್ಟಿ ಇನ್ನು ಮುಂದೆ ಈ ಮನೆಯಲ್ಲಿ ಗುರುಗುಟ್ಟುವವನು ನಾನು ಎಂದನೆಂದೂ ಅವರ ಮನೆತನದ ಐತಿಹ್ಯ. ಹೀಗೆ ಅಂದವನು ಆಮೇಲೆ ಬಹುಪಾಲು ದಿನ ಬೇಟೆ, ಚುನಾವಣೆ ಎಂದು ಹೊರಗೇ ಇದ್ದ. ಮನೆ ನಡೆಸಿದವಳು ಎಲಿಜಬೆತ್.

1834ರಲ್ಲಿ ಪ್ರಕಟವಾದ ತನ್ನ ಆತ್ಮಕಥನದಲ್ಲಿ ಕ್ರಾಕೆಟ್ ಆಕೆಯ ಬಗ್ಗೆ ಹೇಳುವ ಒಂದು ಸಂಗತಿ ಆಲ್ಮನ್ಯಾಕ್‌ಗಳಲ್ಲಿ ಎಲ್ಲೂ ಇಲ್ಲ. ಟೆನ್ನೆಸ್ಸಿಯ ಶೋಲ್ ಕ್ರೀಕ್ ಎಂಬ ಹೊಳೆಯ ದಂಡೆಯಲ್ಲಿ ಅವರು 3000 ಡಾಲರಿಗಿಂತ ಹೆಚ್ಚು ಖರ್ಚು ಮಾಡಿ ಹಿಟ್ಟಿನ ಗಿರಣಿ, ಮದ್ದಿನ ಗಿರಣಿ, ಸಾರಾಯಿ ಭಟ್ಟಿಗಳನ್ನು ಕಟ್ಟಿದ್ದರು. ಆ ಹಣದಲ್ಲಿ ಸಾಲವೂ ಸೇರಿತ್ತು. 1821ರಲ್ಲಿ ಇವನು ರಾಜ್ಯದ ಶಾಸನಸಭೆಗೆ ಹೊರಟಿದ್ದಾಗ ಹೊಳೆಗೆ ನೆರೆ ಬಂದು ಗಿರಣಿಗಳನ್ನು ಕೊಚ್ಚಿಕೊಂಡು ಹೋಯಿತು. ಇರುವುದನ್ನೆಲ್ಲ ಕೊಟ್ಟು ಸಾಲ ತೀರಿಸಿಬಿಡು, ಎಲ್ಲರಿಗೂ ಸಮಾಧಾನವಾಗಲಿ, ಆಮೇಲೆ ಮತ್ತೆ ದುಡಿಯೋಣ ಎಂಬ ಅರ್ಥದ ಮಾತನ್ನು ಎಲಿಜಬೆತ್ ಹೇಳಿದಳು. ಅವನು ಹಾಗೆಯೇ ಮಾಡಿದ. ಸಂಸಾರ ಇನ್ನೂ ಪಶ್ಚಿಮಕ್ಕೆ ಸರಿದು ಮತ್ತೆ ಮೊದಲಿನಿಂದ ಆರಂಭಿಸಿತು. ಆಲ್ಮನ್ಯಾಕ್‌ನ ಶ್ರೀಮತಿ ಕ್ರಾಕೆಟ್‌ಳ ಕೋಪ ಪ್ರವಾಹಕ್ಕಿಂತ ಮೇಲೇರುತ್ತಿತ್ತು. ನಿಜವಾದ ಶ್ರೀಮತಿ ಕ್ರಾಕೆಟ್ ಪ್ರವಾಹ ಇಳಿದ ಮೇಲೆ ಸಾಲದ ಲೆಕ್ಕ ಕೂಡಿಸಿದಳು.

ಗಂಡ ಸತ್ತ ಮೇಲೆ, 1850ರ ದಶಕದಲ್ಲಿ, ಆಲಮೋದಲ್ಲಿ ಮಡಿದವರ ಕುಟುಂಬಗಳಿಗೆ ಸಲ್ಲಬೇಕಿದ್ದ ಭೂಮಿಯನ್ನು ಪಡೆದು ನೆಲೆಸಲು ಎಲಿಜಬೆತ್ ಅರವತ್ತು ದಾಟಿದ ವಯಸ್ಸಿನಲ್ಲಿ ಟೆಕ್ಸಾಸ್‌ಗೆ ಹೋದಳು. 1860ರಲ್ಲಿ ಆಕ್ಟನ್ ಎಂಬಲ್ಲಿ ತೀರಿಕೊಂಡಳು. ಅಂದರೆ ಬಾಸ್ಟನ್, ಫಿಲಡೆಲ್ಫಿಯಾಗಳ ಅಚ್ಚುಕೂಟಗಳಲ್ಲಿ ಅವಳ ಗಂಡನ ಹೆಸರಿನಲ್ಲಿ ಮೊಸಳೆಗಳ ತಲೆ ಹಾರುತ್ತಿದ್ದ ಅಷ್ಟೂ ವರ್ಷ ಆಕೆ ಬದುಕಿದ್ದಳು, ಹೊಲ ಮನೆ ನೋಡಿಕೊಳ್ಳುತ್ತಿದ್ದಳು. ಇದನ್ನು ಮಕ್ಕಳಿಗೆ ಹೇಳುವುದೂ ಬಿಡುವುದೂ ನಿನ್ನ ವಿವೇಚನೆಗೆ ಬಿಟ್ಟದ್ದು. ನಾನಾದರೆ ಕೇಳಿದರೆ ಮಾತ್ರ ಹೇಳುತ್ತೇನೆ. ಬಡಾಯಿ ಕಥೆಯ ಬೆನ್ನಿಗೆ ತಕ್ಷಣ ನಿಜವನ್ನು ಕಟ್ಟಿದರೆ ಎರಡೂ ಮಂಕಾಗುತ್ತವೆ.

ಕೊನೆಯದಾಗಿ, ಮಕ್ಕಳಲ್ಲಿ ಲೆಕ್ಕದಲ್ಲಿ ಚುರುಕಾದವರು ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ: ಸೋತ ಮೈಕ್ ಫಿಂಕ್ ಆ ಹನ್ನೆರಡು ಕಾಡುಬೆಕ್ಕುಗಳನ್ನು ಕೊಟ್ಟನೇ? ಕ್ರಾಕೆಟ್ ಈ ವಿಷಯದಲ್ಲಿ ಬಾಯಿ ಬಿಟ್ಟಿಲ್ಲ. ಬಾಕಿ ಇನ್ನೂ ಹಾಗೆಯೇ ಇದೆಯೆಂದು ಹೇಳು. ಬಡ್ಡಿ ಸೇರಿಸಿದರೆ ಈಗ ಎಷ್ಟು ಕಾಡುಬೆಕ್ಕುಗಳಾದವು ಎಂಬುದನ್ನು ಮುಂದಿನ ಭಾನುವಾರದೊಳಗೆ ಅವರೇ ಲೆಕ್ಕ ಹಾಕಿಕೊಂಡು ಬರಲಿ.

ಇಂತಿ ನಿನ್ನ ಪ್ರೀತಿಯ
ಹಳೆಯ ಗೆಳೆಯ